ಇಟಾಲಿಯನ್, ಥಾಯ್ ಹೋಟೆಲಿಗೆ ಮನೆಮಂದಿಯೆಲ್ಲ ಹೊರಟಾಗ: ಫೋನ್ ಮಾಡುವುದರಿಂದ ಬಿಲ್ ಕಟ್ಟುವವರೆಗೆ

ಟೇಬಲ್ಲಿನ ಸುತ್ತ ಎಂಟು ಜನ. ಅಜ್ಜಿ ಮೊಟ್ಟೆ ಮುಟ್ಟುವುದಿಲ್ಲ, ಏಕಾದಶಿ ಹತ್ತಿರ ಬಂದರೆ ಈರುಳ್ಳಿ ಬೆಳ್ಳುಳ್ಳಿಯೂ ಬೇಡ. ಭಾವನಿಗೆ ಶೇಂಗಾ ಆಗುವುದಿಲ್ಲ. ಮಗಳ ಗೆಳತಿಗೆ ಸೀಗಡಿಯೇ ಬೇಕು. ಆರು ವರ್ಷದ ಹುಡುಗನಿಗೆ ಹಸಿರು ಬಣ್ಣದ್ದು ಏನು ಕಂಡರೂ ಅಳು. ಮೆನುವಿನಲ್ಲಿ ಅರ್ಧಕ್ಕರ್ಧ ಹೆಸರು ನಾಲಿಗೆಗೆ ಹೊರಳುವುದಿಲ್ಲ, ಪಕ್ಕದಲ್ಲಿ ಸರ್ವರ್ ಪೆನ್ನು ಹಿಡಿದು ನಿಂತಿದ್ದಾನೆ. ಸಂಕೋಚಕ್ಕೆ ಯಾರೋ ಒಬ್ಬರು "ನಾಲ್ಕು ವೈಟ್ ಸಾಸ್ ಪಾಸ್ತಾ, ನಾಲ್ಕು ರೆಡ್ ಸಾಸ್" ಅಂದುಬಿಡುತ್ತಾರೆ. ಆಮೇಲೆ ಏಳು ಸಾವಿರದ ಬಿಲ್ಲು, ಮನೆಗೆ ಬಂದು ಮೊಸರನ್ನ.

ಇದನ್ನು ತಪ್ಪಿಸಲು ಮೆನು ಬಾಯಿಪಾಠ ಮಾಡಬೇಕಿಲ್ಲ. ಆ ಅಡುಗೆಯನ್ನು ಅವರ ಊರಿನಲ್ಲಿ ಹೇಗೆ ಬಡಿಸುತ್ತಾರೆ, ಅದರ ಪ್ರಕಾರ ಎಷ್ಟು ಹೇಳಬೇಕು ಎನ್ನುವುದು ಒಂದು. ಕಣ್ಣಿಗೆ ಕಾಣದೆ ಕರಗಿಹೋಗಿರುವ ಪದಾರ್ಥ ಯಾವುದು, ಅದನ್ನು ತೆಗೆಸಲು ಆಗುತ್ತದೋ ಇಲ್ಲವೋ ಎನ್ನುವುದು ಇನ್ನೊಂದು. ಈ ಎರಡು ಗೊತ್ತಿದ್ದರೆ ಮಿಕ್ಕಿದ್ದನ್ನು ನಿಭಾಯಿಸಬಹುದು.

ಬಡಿಸುವ ಕ್ರಮವೇ ಬೇರೆ

ಇಟಲಿಯಲ್ಲಿ ಊಟ ಸರದಿಯಲ್ಲಿ ಬರುತ್ತದೆ. ಮೊದಲು ಆಂಟಿಪಾಸ್ತಿ, ಅಂದರೆ ಬಾಯಾಡಿಸುವ ಸಣ್ಣಪುಟ್ಟ ತಿನಿಸು. ಆಮೇಲೆ ಪ್ರಿಮಿ, ಅಂದರೆ ಪಾಸ್ತಾ, ರಿಸೊಟ್ಟೊ ಎಂಬ ಅನ್ನದ ಅಡುಗೆ ಅಥವಾ ಸೂಪು. ಅದಾದ ಮೇಲೆ ಸೆಕೊಂದಿ, ಮಾಂಸ ಅಥವಾ ಮೀನು. ಅದರ ಪಕ್ಕಕ್ಕೆ ಕೊಂತೊರ್ನಿ ಎಂಬ ತರಕಾರಿ. ಕೊನೆಗೆ ದೋಲ್ಚಿ, ಸಿಹಿ. ತಟ್ಟೆ ಒಬ್ಬರದು, ಪಿಜ್ಜಾ ಕೂಡ ಅಲ್ಲಿ ತಲೆಗೊಂದು. ಎಲ್ಲ ಸರದಿಯನ್ನೂ ತಿನ್ನಲೇಬೇಕೆಂದೇನಿಲ್ಲ, ಅಲ್ಲಿಯವರೂ ದಿನಾ ಹಾಗೆ ತಿನ್ನುವುದಿಲ್ಲ.

ಥಾಯ್ಲೆಂಡಿನದು ಇದಕ್ಕೆ ಪೂರ್ತಿ ಉಲ್ಟಾ, ಹೆಚ್ಚುಕಡಿಮೆ ನಮ್ಮ ಎಲೆಯೂಟದ ದಾಯಾದಿ. ನಡುವೆ ಅನ್ನ, ಸುತ್ತ ಒಂದು ಸಾರಿನಂಥದ್ದು, ಒಂದು ಗೊಜ್ಜಿನಂಥದ್ದು, ಒಂದು ಪಲ್ಯ, ಒಂದು ಕೋಸಂಬರಿ. ಎಲ್ಲವೂ ಒಟ್ಟಿಗೆ ಬರುತ್ತದೆ, ಎಲ್ಲರೂ ಹಂಚಿಕೊಳ್ಳುತ್ತಾರೆ. ಒಬ್ಬೊಬ್ಬರು ಒಂದೊಂದು ಕರಿ ತರಿಸಿಕೊಂಡು ತಮ್ಮ ಮುಂದೆ ಇಟ್ಟುಕೊಂಡರೆ ಊಟ ಕೆಡುತ್ತದೆ. ಗ್ರೀನ್ ಕರಿಯನ್ನೇ ಕಡೆತನಕ ತಿನ್ನುವುದು, ಬರೀ ಹುಳಿ ಕಲಸಿಕೊಂಡು ಮದುವೆ ಊಟ ಮುಗಿಸಿದ ಹಾಗೆ. ಮಲೇಷ್ಯಾ, ಇಂಡೋನೇಷ್ಯಾ, ವಿಯೆಟ್ನಾಮಿನ ಮನೆಯೂಟವೂ ಹೀಗೆಯೇ. ಫೋ, ಲಾಕ್ಸಾ, ಖಾವ್ ಸ್ವೆ ಥರದ ಬೋಗುಣಿ ನೂಡಲ್ಸ್ ಮಾತ್ರ ಒಬ್ಬರಿಗೊಂದು.

ಮನೆಯಿಂದ ಹೊರಡುವ ಮುಂಚೆ

ಒಂದು ದಿನ ಮೊದಲೇ ಬರುವವರ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಒಂದು ಸಾಲು ಬರೆಯಿರಿ. "ವೆಜ್" ಎಂಬ ಒಂದೇ ಪದ ಸಾಲದು. ಮೊಟ್ಟೆ ನಡೆಯುತ್ತದೋ? ಈರುಳ್ಳಿ ಬೆಳ್ಳುಳ್ಳಿ? ಕರುವಿನ ಹೊಟ್ಟೆಯ ರೆನೆಟ್ ಎಂಬ ಅಂಶದಿಂದ ಹೆಪ್ಪುಗಟ್ಟಿಸಿದ ಚೀಸ್? ದನದ ಮಾಂಸ, ಹಂದಿ ಮಾಂಸ? ಅಲರ್ಜಿ? ಪಟ್ಟಿ ಕೈಗೆ ಬಂದರೆ ಯಾವ ಹೋಟೆಲು ಎಂಬುದು ಅರ್ಧ ತೀರ್ಮಾನವಾದ ಹಾಗೆಯೇ. ತೀವ್ರ ಶೇಂಗಾ ಅಲರ್ಜಿ ಇರುವವರು ಜೊತೆಗಿದ್ದರೆ ಥಾಯ್, ಇಂಡೋನೇಷ್ಯನ್ ಬಿಟ್ಟು ಇಟಾಲಿಯನ್ ಕಡೆ ಹೋಗುವುದು ಜಾಣತನ. ಥಾಯ್, ಇಂಡೋನೇಷ್ಯನ್ ಅಡುಗೆಮನೆಗಳಲ್ಲಿ ಪಾದ್ ಥಾಯ್, ಸಾತೆ, ಮಸ್ಸಮನ್ ಕರಿ, ಗಾಡೊ-ಗಾಡೊ ಎಲ್ಲದರಲ್ಲೂ ಶೇಂಗಾ ಓಡಾಡುತ್ತದೆ. ಒಂದೇ ಬಾಣಲೆ, ಒಂದೇ ಸೌಟು. "ಶೇಂಗಾ ಹಾಕಬೇಡಿ" ಎಂದರೆ ಮೇಲೆ ಉದುರಿಸುವುದಿಲ್ಲ, ಅಷ್ಟೆ. ಇಟಾಲಿಯನ್ ಹೋಟೆಲಿನಲ್ಲಿ ಗೋಡಂಬಿ, ಪಿಸ್ತಾ, ಹೇಝಲ್‌ನಟ್ ಅಲರ್ಜಿಯವರು ಎಚ್ಚರವಾಗಿರಬೇಕು: ಪೆಸ್ಟೊ ಎಂಬ ಅರೆದ ಸೊಪ್ಪಿನ ಸಾಸಿಗೆ ಪೈನ್ ಬೀಜ ಬೇಕು, ಅದು ದುಬಾರಿ ಎಂದು ನಮ್ಮ ಕಡೆ ಗೋಡಂಬಿ ಅರೆಯುವವರು ಬಹಳ.

ನಂತರ ಫೋನ್. ಆ್ಯಪಿನಲ್ಲಿ ಟೇಬಲ್ ಹಿಡಿಯಬಹುದು, ಉತ್ತರ ಸಿಗುವುದಿಲ್ಲ. ಮಧ್ಯಾಹ್ನ ನಾಲ್ಕರಿಂದ ಆರರ ನಡುವೆ ಮಾಡಿ. ಊಟದ ಗಲಾಟೆ ಇರುವುದಿಲ್ಲ, ಶೆಫ್ ಪಕ್ಕದಲ್ಲೇ ಇರುತ್ತಾರೆ. "ವೆಜ್ ಸಿಗುತ್ತಾ?" ಎಂದು ಕೇಳಬೇಡಿ. ಅದಕ್ಕೆ ಲೋಕದಲ್ಲಿ ಒಂದೇ ಉತ್ತರ: "ಸಿಗುತ್ತೆ ಸರ್." ಹೀಗೆ ಕೇಳಿ:

"ಗ್ರೀನ್ ಕರಿ ಪೇಸ್ಟ್ ನೀವೇ ರುಬ್ಬುತ್ತೀರಾ, ಡಬ್ಬದ್ದಾ? ಅದರಲ್ಲಿ ಸೀಗಡಿ ಇದೆಯಾ?"
"ವೆಜ್‌ಗೆ ಬೇರೆ ಪೇಸ್ಟ್ ಇಟ್ಟಿದ್ದೀರಾ?"
"ರಿಸೊಟ್ಟೊಗೆ ಹಾಕುವ ಸ್ಟಾಕ್ ಚಿಕನ್ನದಾ, ತರಕಾರಿಯದಾ?"
"ಪಾರ್ಮೆಸಾನ್ ಯಾವ ಕಂಪನಿಯದು? ರೆನೆಟ್ ವೆಜ್ಜಾ?"

"ಒಂದ್ನಿಮಿಷ ಸರ್, ಕಿಚನ್‌ನಲ್ಲಿ ಕೇಳಿ ಹೇಳ್ತೀನಿ" ಎಂದರೆ ಅದು ನಂಬಬಹುದಾದ ಹೋಟೆಲು. ಪ್ರಶ್ನೆ ಮುಗಿಯುವ ಮುಂಚೆಯೇ "ಎಲ್ಲ ಪ್ಯೂರ್ ವೆಜ್ ಸರ್" ಎಂದರೆ ಬೇರೆ ನಂಬರ್ ಹುಡುಕಿ.

ಬೆಂಗಳೂರಿನಲ್ಲಿ ಶನಿವಾರ ರಾತ್ರಿ ಇಂದಿರಾನಗರ, ಕೋರಮಂಗಲದ ಕಡೆ ಎಂಟು ಜನರನ್ನು ಹೊರಡಿಸುವುದೆಂದರೆ ಊಟಕ್ಕಿಂತ ಟ್ರಾಫಿಕ್ಕಿಗೇ ಹೆಚ್ಚು ಹೊತ್ತು. ವಯಸ್ಸಾದವರು, ಮಕ್ಕಳು ಇದ್ದರೆ ಭಾನುವಾರ ಮಧ್ಯಾಹ್ನ 12.30ಕ್ಕೆ ಹೋಗಿ. ಜನ ಕಮ್ಮಿ, ಸದ್ದು ಕಮ್ಮಿ, ಕೇಳಿದ್ದಕ್ಕೆ ಉತ್ತರ ಹೇಳುವ ತಾಳ್ಮೆ ಸರ್ವರ್‌ಗೂ ಇರುತ್ತದೆ. ಥಾಯ್ ಊಟಕ್ಕೆ ದುಂಡು ಮೇಜು ಕೇಳಿ. ಉದ್ದದ ಮೇಜಾದರೆ ಒಂದು ತುದಿಯವರಿಗೆ ಸೂಪು ತಲುಪುವಷ್ಟರಲ್ಲಿ ತಣ್ಣಗಾಗಿರುತ್ತದೆ. ಬೆನ್ನಿಗೆ ಒರಗಿಲ್ಲದ ಎತ್ತರದ ಸ್ಟೂಲುಗಳಾ ಎಂದೂ ವಿಚಾರಿಸಿಕೊಳ್ಳಿ.

ತೆಗೆಸಲು ಆಗುವುದು, ಆಗದ್ದು

ಸಸ್ಯಾಹಾರಿಗಳು ಎಡವುವುದು ಇಲ್ಲಿ. ಮಾಂಸದ ತುಂಡು ಕಂಡರೆ ಯಾರಾದರೂ ಬದಿಗೆ ಸರಿಸುತ್ತಾರೆ. ಸಾರದಲ್ಲಿ ಕರಗಿದ್ದನ್ನು ಸರಿಸುವುದು ಹೇಗೆ? ಹಾಗಾಗಿ ಪ್ರತಿ ಅಡುಗೆಗೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಬೇಡವಾದ ಪದಾರ್ಥ ಒಲೆಯ ಮುಂದೆ ಸೇರುತ್ತದೋ, ಬೆಳಿಗ್ಗೆಯೇ ಸೇರಿಬಿಟ್ಟಿದೆಯೋ?

ಥಾಯ್ ಅಡುಗೆಯ ನಾಮ್ ಪ್ಲಾ, ಅಂದರೆ ಮೀನಿನ ಸಾಸು, ಬಾಣಲೆಗೆ ಕಡೆಯಲ್ಲಿ ಬೀಳುವಂಥದ್ದು. ಬದಲಿಗೆ ಸೋಯಾ ಸಾಸ್ ಹಾಕಿ ಎಂದರೆ ಹಾಕುತ್ತಾರೆ. ಆಯ್ಸ್ಟರ್ ಎಂಬ ಚಿಪ್ಪುಜೀವಿಯ ಸಾಸೂ ಹಾಗೆ. ಅದಕ್ಕೆ ಅಣಬೆಯಿಂದ ಮಾಡಿದ ಸಸ್ಯಾಹಾರಿ ಬದಲಿ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಕಪಿ ಎಂಬ ಸೀಗಡಿ ಪೇಸ್ಟು ಕೆಂಪು, ಹಸಿರು ಕರಿ ಮಸಾಲೆಯ ಜೊತೆಗೇ ಅರೆದುಹೋಗಿರುತ್ತದೆ. "ಸೀಗಡಿ ಇಲ್ಲದೆ ಗ್ರೀನ್ ಕರಿ ಕೊಡಿ" ಎಂದರೆ ತುಂಡು ಸೀಗಡಿ ಇರುವುದಿಲ್ಲ, ಅರೆದ ಸೀಗಡಿ ಇದ್ದೇ ಇರುತ್ತದೆ. ತೋಮ್ ಯಮ್ ಸೂಪಿನ ಕೆಂಪು ಬಣ್ಣ ಬರುವುದು ನಾಮ್ ಪ್ರಿಕ್ ಪಾವ್ ಎಂಬ ಹುರಿದ ಮೆಣಸಿನಕಾಯಿ ಚಟ್ನಿಯಿಂದ. ಅದರಲ್ಲಿ ಒಣಸೀಗಡಿ ರೂಢಿ. ಸೋಮ್ ತಮ್ ಎಂಬ ಪರಂಗಿಕಾಯಿ ಕೋಸಂಬರಿಯನ್ನು ಮಾತ್ರ ಕೇಳಿದಾಗಲೇ ಒರಳಿನಲ್ಲಿ ಕುಟ್ಟುತ್ತಾರೆ, ಆದ್ದರಿಂದ ಒಣಸೀಗಡಿ, ಮೀನಿನ ಸಾಸು ಎರಡನ್ನೂ ಬಿಡಿಸಬಹುದು. ಒರಳು ತೊಳೆದು ಮಾಡಿ ಎಂದು ಒಂದು ಮಾತು ಸೇರಿಸಿ.

ಇಂಡೋನೇಷ್ಯಾದ ತೆರಾಸಿ, ಮಲೇಷ್ಯಾದ ಬೆಲಾಚಾನ್ ಇದೇ ಸೀಗಡಿ ಪೇಸ್ಟಿನ ಬೇರೆ ಹೆಸರುಗಳು. ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿ, ಲಾಕ್ಸಾ, ನಾಸಿ ಗೊರೆಂಗ್ ಎಂಬ ಹುರಿದ ಅನ್ನ, ಮೂರರಲ್ಲೂ ಇರಬಹುದು. ಗಾಡೊ-ಗಾಡೊ ನೋಡಲು ಬೇಯಿಸಿದ ತರಕಾರಿ, ತೋಫು, ಶೇಂಗಾ ಚಟ್ನಿ. ಚಟ್ನಿಯಲ್ಲಿ ತೆರಾಸಿ ಸೇರಿರುವುದುಂಟು, ಜೊತೆಗೆ ಬರುವ ಬಿಳೀ ಹಪ್ಪಳ ಸೀಗಡಿಯದಾಗಿರುವುದುಂಟು; ನಮ್ಮವರು ಅಕ್ಕಿ ಹಪ್ಪಳ ಎಂದು ಮುರಿದು ಬಾಯಿಗಿಡುತ್ತಾರೆ. ಜಾವಾ ದ್ವೀಪದ ತೆಂಪೆ ನಿಶ್ಚಿಂತೆಯ ಆಯ್ಕೆ, ಸೋಯಾ ಕಾಳನ್ನು ಹುದುಗಿಸಿ ಕಟ್ಟಿದ ಗಟ್ಟಿ ಬಿಲ್ಲೆ. ಅದಕ್ಕೆ ಸುರಿಯುವ ಕೆಚಪ್ ಮಾನಿಸ್ ಎಂಬ ಬೆಲ್ಲದ ಸೋಯಾ ಸಾಸೂ ಸಸ್ಯಾಹಾರವೇ.

ಬರ್ಮಾದ ಖಾವ್ ಸ್ವೆ ನಮ್ಮ ಬಾಯಿಗೆ ಬೇಗ ಒಗ್ಗುತ್ತದೆ: ತೆಂಗಿನ ಹಾಲು, ಕಡಲೆ ಹಿಟ್ಟು ಹಾಕಿ ಕುದಿಸಿದ ಸಾರು, ಅದರಲ್ಲಿ ನೂಡಲ್ಸ್, ಪಕ್ಕದಲ್ಲಿ ಪುಟ್ಟ ಬಟ್ಟಲುಗಳಲ್ಲಿ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಪುಡಿ, ನಿಂಬೆ. ಬರ್ಮಾದ ಊಟದಲ್ಲೂ ಮೀನಿನ ಸಾಸಿನ ಕಾಟ ಇದೆಯಾದರೂ, ಮುಂಬೈಯಲ್ಲಿ ಶುರುವಾಗಿ ಬೆಂಗಳೂರಿಗೂ ಬಂದಿರುವ ಬರ್ಮಾ ಬರ್ಮಾ ಪೂರ್ತಿ ಸಸ್ಯಾಹಾರಿ ಹೋಟೆಲು. ಅಂಥಲ್ಲಿ ಮೇಲಿನ ಪ್ರಶ್ನೆಗಳಲ್ಲಿ ಮುಕ್ಕಾಲು ಬೇಕಾಗುವುದಿಲ್ಲ.

ಇಟಾಲಿಯನ್ ಕಡೆ ಅಡಗಿರುವುದು ಚೀಸಿನಲ್ಲಿ. ಹಾಲು ಒಡೆದು ಗಟ್ಟಿಯಾಗಲು ರೆನೆಟ್ ಬೇಕು. ನಿಜವಾದ ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ಹೊಟ್ಟೆಯ ರೆನೆಟ್ ಬಳಸಬೇಕೆಂಬುದು ಆ ಚೀಸಿನ ನಿಯಮದಲ್ಲೇ ಇದೆ. ಗ್ರಾನಾ ಪದಾನೊ ಕೂಡ ಕರುವಿನದು, ಪೆಕೊರಿನೊ ರೊಮಾನೊ ಕುರಿಮರಿಯದು. ವಿಚಿತ್ರವೆಂದರೆ ಹೋಟೆಲು ಎಷ್ಟು ಅಸಲಿ ಚೀಸ್ ಬಳಸುತ್ತದೋ ಅಷ್ಟು ಅಜ್ಜಿಗೆ ಕಷ್ಟ. ಭಾರತದಲ್ಲಿ ತಯಾರಾಗುವ ಚೀಸುಗಳಿಗೆ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸುವುದು ಸಾಮಾನ್ಯ. ಬೆಂಗಳೂರಿನಲ್ಲಿ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳು ಮೊಜ್ಜರೆಲ್ಲಾ, ಬುರ್ರಾಟಾ ಚೀಸ್ ಮಾಡಿ ಹೋಟೆಲುಗಳಿಗೆ ಕೊಡುತ್ತಾರೆ ಎಂಬುದು ಹಲವರಿಗೆ ಗೊತ್ತಿಲ್ಲ. ಮೆನುವಿನ ಹಸಿರು ಚುಕ್ಕಿಯನ್ನು ಇಡುವವರು ಹೋಟೆಲಿನವರೇ. ರೆನೆಟ್ ಮಾತು ಬಂದಾಗ ಪ್ಯಾಕೆಟ್ ತರಿಸಿ ನೋಡುವುದೇ ಸರಿ, ಇದರಲ್ಲಿ ನಾಚಿಕೆ ಬೇಡ. ಉದುರಿಸುವ ಚೀಸನ್ನು ಬೇಡ ಎನ್ನಬಹುದು. ಪೆಸ್ಟೊದಲ್ಲಿ ಅದು ಮೊದಲೇ ರುಬ್ಬಿಹೋಗಿರುತ್ತದೆ, ಕಾಚೊ ಎ ಪೆಪೆ ಎಂಬ ಪಾಸ್ತಾದಲ್ಲಿ ಚೀಸ್ ಬಿಟ್ಟರೆ ಉಳಿಯುವುದು ಕಾಳುಮೆಣಸು ಮಾತ್ರ.

ಇನ್ನು ಮೊಟ್ಟೆ. ರವೆಯಂಥ ಗಟ್ಟಿ ಗೋಧಿಹಿಟ್ಟು, ನೀರು ಸೇರಿಸಿ ಒಣಗಿಸಿದ ಪೆನ್ನೆ, ಸ್ಪಾಗೆಟ್ಟಿಯಲ್ಲಿ ಮೊಟ್ಟೆಯಿಲ್ಲ. ಮೆನುವಿನಲ್ಲಿ "ಫ್ರೆಶ್ ಪಾಸ್ತಾ" ಎಂದಿದ್ದರೆ, ತಾಲ್ಯಾತೆಲ್ಲೆ, ರವಿಯೋಲಿ, ಲಸಾನ್ಯಾ ಇದ್ದರೆ ಮೊಟ್ಟೆ ಇದೆ ಎಂದೇ ಹಿಡಿಯಿರಿ, ಇಲ್ಲವೆಂದು ಅವರು ಹೇಳುವವರೆಗೆ. ಕಾರ್ಬೊನಾರಾ ನಮ್ಮಲ್ಲಿ ಕ್ರೀಮ್ ಪಾಸ್ತಾದಂತೆ ಬರುತ್ತದೆ. ಅಸಲಿಯಲ್ಲಿ ಕ್ರೀಮ್ ಇಲ್ಲ, ಮೊಟ್ಟೆಯ ಹಳದಿ, ಹಂದಿಯ ಕೆನ್ನೆಯ ಮಾಂಸ, ಪೆಕೊರಿನೊ, ಕಾಳುಮೆಣಸು. ಸೀಸರ್ ಸಲಾಡ್ ಹೆಸರಿಗೆ ಸೊಪ್ಪು, ಡ್ರೆಸ್ಸಿಂಗಿನಲ್ಲಿ ಮೊಟ್ಟೆ, ಆಂಚೊವಿ ಮೀನು. ಪುತ್ತನೆಸ್ಕಾ ಸಾಸಿನಲ್ಲೂ ಆಂಚೊವಿ ಕರಗಿರುತ್ತದೆ. ಪಿಜ್ಜಾ ಮರಿನಾರಾ ಎಂಬ ಹೆಸರು ನಾವಿಕರದು, ಆದರೆ ಅದರಲ್ಲಿ ಮೀನೂ ಇಲ್ಲ, ಚೀಸೂ ಇಲ್ಲ: ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಅಷ್ಟೆ.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಇಟಲಿಯ ನೇಪಲ್ಸ್ ಊರಿನ ಶೈಲಿಯ ಮಾರ್ಗೆರಿಟಾ ಪಿಜ್ಜಾದ ದಾರಿ ಇದೆ. ಆ ಕ್ರಮದಲ್ಲಿ ಸಾಸ್ ಎಂದರೆ ಹಿಸುಕಿದ ಹಸೀ ಟೊಮ್ಯಾಟೊಗೆ ಉಪ್ಪು, ಒಗ್ಗರಣೆಯಿಲ್ಲ. ಆದರೆ ನಮ್ಮ ಹೋಟೆಲುಗಳಲ್ಲಿ ಪಾಸ್ತಾಕ್ಕೆ ಬೆಳ್ಳುಳ್ಳಿ ಹಾಕಿ ಕುದಿಸಿದ ಕೆಂಪು ಸಾಸನ್ನೇ ಪಿಜ್ಜಾಕ್ಕೂ ಸವರುವುದುಂಟು; ಯಾವುದು ಎಂದು ಕೇಳಿ. ಆಲ್ಯೊ ಎ ಒಲ್ಯೊ ಎಂದರೆ ಬೆಳ್ಳುಳ್ಳಿ ಮತ್ತು ಎಣ್ಣೆ ಎಂದೇ ಅರ್ಥ. ಅದರಲ್ಲಿ ಬೆಳ್ಳುಳ್ಳಿ ಬಿಡಿ ಎಂದರೆ ಶೆಫ್ ಅಳಬಹುದು.

ಥಾಯ್ಲೆಂಡಿಗೇ ಹೋದರೆ ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೊಂದು ಅನುಕೂಲ ಇದೆ. ಅಲ್ಲಿ "ಜೇ" ಎಂದರೆ ಬೌದ್ಧ ವ್ರತದ ಊಟ: ಮಾಂಸ, ಮೀನು, ಮೊಟ್ಟೆ, ಹಾಲಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ಹಳದಿ ಬಾವುಟದ ಮೇಲೆ ಕೆಂಪಗೆ, ನಮ್ಮ ಕಣ್ಣಿಗೆ 17 ಎಂದು ಬರೆದಂತೆ ಕಾಣುವ ಅಕ್ಷರ ಇದ್ದರೆ ಅದೇ ಜೇ ಅಂಗಡಿ. "ಮಾಂಗ್ಸವಿರತ್" ಎಂದರೆ ಬರೀ ಸಸ್ಯಾಹಾರ, ಮೊಟ್ಟೆ ಇರಬಹುದು. ಬೀದಿಬದಿಯಲ್ಲಿ "ಮಾಯ್ ಸಾಯ್ ನಾಮ್ ಪ್ಲಾ, ಮಾಯ್ ಸಾಯ್ ಕಪಿ", ಅಂದರೆ ಮೀನಿನ ಸಾಸು, ಸೀಗಡಿ ಪೇಸ್ಟು ಹಾಕಬೇಡಿ, ಎಂದರೆ ಕೆಲಸ ನಡೆಯುತ್ತದೆ. ವಿಯೆಟ್ನಾಮಿನಲ್ಲಿ ಇದಕ್ಕೆ ಸಮನಾದ ಪದ "ಚಾಯ್". ಟೀ ಅಲ್ಲ, ಸಸ್ಯಾಹಾರ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಅಲ್ಲಿ ಬಹಳ ಜನ ಚಾಯ್ ಊಟ ಮಾಡುತ್ತಾರೆ, ಆ ದಿನಗಳಲ್ಲಿ ಆಯ್ಕೆ ಹೆಚ್ಚು. ಬರೀ ಫೋ ಎಂದರೆ ದನದ ಅಥವಾ ಕೋಳಿಯ ಮೂಳೆ ಗಂಟೆಗಟ್ಟಲೆ ಕುದಿಸಿದ ನೀರು. ಮೇಲಿನ ಮಾಂಸ ತೆಗೆಸಿ ಪ್ರಯೋಜನವಿಲ್ಲ, "ಫೋ ಚಾಯ್" ಎಂದೇ ಕೇಳಬೇಕು.

ಎಂಟು ಜನಕ್ಕೆ ಎಷ್ಟು?

ಥಾಯ್ ಹೋಟೆಲಿನ ಲೆಕ್ಕ ಸುಲಭ: ತಲೆಗಳ ಸಂಖ್ಯೆಯಲ್ಲಿ ಎರಡು ಕಳೆಯಿರಿ, ಅಷ್ಟು ಬಗೆ, ಅನ್ನ ಬೇರೆ. ಎಂಟು ಜನಕ್ಕೆ ಆರು ಬಗೆ. ಒಂದು ಸೋಮ್ ತಮ್, ಒಂದು ದೊಡ್ಡ ಬೋಗುಣಿ ಸೂಪು, ಬೇರೆ ಬೇರೆ ಬಣ್ಣದ ಎರಡು ಕರಿ, ಸೊಪ್ಪಿನ ಅಥವಾ ತೋಫುವಿನ ಒಂದು ಹುರಿದದ್ದು, ಒಂದು ನೂಡಲ್ಸ್. ಜಾಸ್ಮಿನ್ ಅನ್ನ ಮೊದಲು ಐದು ಬಟ್ಟಲು ಸಾಕು, ಬೇಕಾದರೆ ಆಮೇಲೆ ಹೇಳಿದರೆ ಎರಡೇ ನಿಮಿಷದಲ್ಲಿ ಬರುತ್ತದೆ. ಎರಡೂ ಕರಿ ತೆಂಗಿನ ಹಾಲಿನವೇ ಆದರೆ ನಾಲ್ಕನೇ ತುತ್ತಿಗೇ ಮುಖ ಕಟ್ಟುತ್ತದೆ. ಸೂಪು ತೋಮ್ ಖಾ ಹೇಳಿದ್ದರೆ ಅದೂ ತೆಂಗಿನ ಹಾಲೇ. ಒಂದು ಹುಳಿ, ಒಂದು ಹಾಲು, ಒಂದು ಗರಿಗರಿ ಇರುವಂತೆ ಜೋಡಿಸಿ. ಸಸ್ಯಾಹಾರಿಗಳ ಪಾತ್ರೆಗಳು ಮೇಜಿನ ಒಂದೇ ಕಡೆಗಿರಲಿ, ಪ್ರತಿಯೊಂದಕ್ಕೂ ಬೇರೆ ಚಮಚ ಇರಲಿ. ಮಾತಿನ ಭರದಲ್ಲಿ ಸೀಗಡಿಯ ಚಮಚ ಅಜ್ಜಿಯ ಬಟ್ಟಲಿಗೆ ಹೋಗುವುದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ.

ಇಟಾಲಿಯನ್ನಿಗೆ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಪಾಸ್ತಾ ಹಂಚಿಕೊಳ್ಳುವ ವಸ್ತುವೇ ಅಲ್ಲ. ತಟ್ಟೆ ಸುತ್ತು ಹಾಕಿ ಬರುವ ಐದು ನಿಮಿಷದಲ್ಲಿ ಅದು ಸಾಸೆಲ್ಲ ಹೀರಿಕೊಂಡು ಅಂಟುತ್ತದೆ. ಆದರೂ ನಮ್ಮವರು ಹಂಚಿಕೊಳ್ಳದೆ ಬಿಡುವುದಿಲ್ಲವಾದ್ದರಿಂದ ಉದ್ದನೆಯ ಸ್ಪಾಗೆಟ್ಟಿ ಬಿಟ್ಟು ಪೆನ್ನೆ, ರಿಗಾತೋನಿ, ಒರೆಕ್ಕಿಯೆತ್ತೆಯಂಥ ಚಮಚಕ್ಕೆ ಸಿಗುವ ಆಕಾರ ಹೇಳಿ. ಎಂಟು ಜನಕ್ಕೆ ಎರಡು ಆಂಟಿಪಾಸ್ತಿ, ಮೂರು ಪಿಜ್ಜಾ, ಮೂರು ಪಾಸ್ತಾ, ಒಂದು ರಿಸೊಟ್ಟೊ; ಸಿಹಿಯನ್ನು ಆಮೇಲೆ ನೋಡೋಣ ಅನ್ನಿ. ನಮ್ಮಲ್ಲಿ ಯಾವುದು ಮೊದಲು ಆಯಿತೋ ಅದನ್ನು ಮೊದಲು ತಂದಿಡುವ ಅಭ್ಯಾಸ. "ಮೊದಲು ಪಿಜ್ಜಾ, ಅದು ಮುಗಿಯುತ್ತ ಬಂದಾಗ ಪಾಸ್ತಾ ಹಾಕಿ" ಎಂದು ಆರ್ಡರ್ ಕೊಡುವಾಗಲೇ ಹೇಳಬೇಕು. ರಿಸೊಟ್ಟೊದ ಅಕ್ಕಿ ಬೇಯಲು 18ರಿಂದ 20 ನಿಮಿಷ ಬೇಕು. ಐದೇ ನಿಮಿಷದಲ್ಲಿ ಬಂದರೆ ಅರೆಬೆಂದ ಅಕ್ಕಿಯನ್ನು ಮುಂಚೆಯೇ ತೆಗೆದಿಟ್ಟಿದ್ದಾರೆ ಎಂದರ್ಥ. ಹಲ್ಲು ಸಡಿಲವಾದವರಿಗೆ ರಿಸೊಟ್ಟೊ ಒಳ್ಳೆಯ ಆಯ್ಕೆ. ತಟ್ಟೆಯಲ್ಲಿ ಇಟ್ಟರೆ ತಾನೇ ಹರಡಿಕೊಳ್ಳುವ, ಸ್ವಲ್ಪ ನೀರಾಗಿ ಮಾಡಿದ ಬಿಸಿಬೇಳೆಭಾತಿನ ಹದ.

ತಟ್ಟೆ ಬಂದ ಮೇಲೆ

ನೇಪಲ್ಸ್ ಪಿಜ್ಜಾ ಮೊದಲ ಸಲ ಬಂದಾಗ ಹೆಚ್ಚಿನ ಮನೆಗಳಲ್ಲಿ ಎರಡು ದೂರು: ಅಂಚು ಸೀದಿದೆ, ನಡುವೆ ಬೆಂದಿಲ್ಲ. ಎರಡೂ ದೋಷವಲ್ಲ. ಸುಮಾರು 430ರಿಂದ 480 ಡಿಗ್ರಿ ಸೆಲ್ಸಿಯಸ್ ಕಾವಿನ ಗೂಡೊಲೆಯಲ್ಲಿ 60ರಿಂದ 90 ಸೆಕೆಂಡ್ ಅಷ್ಟೇ ಇರುತ್ತದೆ. ಆ ಕಾವಿಗೆ ಅಂಚಿನ ಗುಳ್ಳೆಗಳು ಚಿರತೆಯ ಮೈಯಂತೆ ಚುಕ್ಕೆ ಕಪ್ಪಾಗುತ್ತವೆ, ನಡುವೆ ಟೊಮ್ಯಾಟೊ ಮತ್ತು ಮೊಜ್ಜರೆಲ್ಲಾದ ನೀರು ಉಳಿಯುತ್ತದೆ. ನೇಪಲ್ಸಿನಲ್ಲಿ 1984ರಲ್ಲಿ ಹುಟ್ಟಿದ ಪಿಜ್ಜಾ ಸಂಘ ಇದನ್ನೆಲ್ಲ ಬರೆದಿಟ್ಟಿದೆ. 2017ರಲ್ಲಿ ಯುನೆಸ್ಕೊ ಆ ಪಿಜ್ಜಾಗಾರರ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. ತುಂಡನ್ನು ಎತ್ತಿದರೆ ತುದಿ ಜೋತುಬಿದ್ದು ಟೊಮ್ಯಾಟೊ ಅಂಗಿಯ ಮೇಲೆ ಬೀಳುತ್ತದೆ. ತುದಿಯನ್ನು ಒಳಕ್ಕೆ ಮಡಚಿ, ಎರಡೂ ಬದಿಯನ್ನು ಪುಸ್ತಕದಂತೆ ಮುಚ್ಚಿ ಹಿಡಿಯಿರಿ. ಚಾಕು ಫೋರ್ಕಿನಲ್ಲಿ ತಿಂದರೂ ಮರ್ಯಾದೆಗೆ ಕುಂದಿಲ್ಲ, ಅಲ್ಲಿಯವರೂ ಹಾಗೆ ತಿನ್ನುತ್ತಾರೆ. ಬಾಯಿಗೆ ಗರಿಗರಿಯೇ ಬೇಕೆಂದಿದ್ದರೆ ರೋಮ್ ಶೈಲಿಯ ತೆಳು ಪಿಜ್ಜಾ ಇರುವ ಕಡೆ ಹೋಗಿ. ಪಾಸ್ತಾ ನಡುವೆ ಕೊಂಚ ಗಟ್ಟಿ ಇರುವುದೂ ಅವರ ಹದವೇ. ಮೆತ್ತಗೆ ಬೇಕಾದರೆ ಆರ್ಡರ್ ಕೊಡುವಾಗಲೇ ಹೇಳಿ. ಸಾಸ್ ಬೆರೆತ ಮೇಲೆ ವಾಪಸು ಕಳಿಸಿದರೆ ಮುದ್ದೆಯಾಗಿ ಬರುತ್ತದೆ.

ಥಾಯ್ ಊಟಕ್ಕೆ ಚಾಪ್‌ಸ್ಟಿಕ್ ಹುಡುಕುವವರು ಸುಮ್ಮನೆ ಕಷ್ಟಪಡುತ್ತಾರೆ. ಅಲ್ಲಿ ಅನ್ನಕ್ಕೆ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕು. ಫೋರ್ಕಿನ ಕೆಲಸ ಅನ್ನವನ್ನು ಚಮಚಕ್ಕೆ ತಳ್ಳುವುದು. ಚಾಪ್‌ಸ್ಟಿಕ್ ನೂಡಲ್ಸ್ ಸೂಪಿಗೆ ಮಾತ್ರ. ಅಂಟಕ್ಕಿಯ ಅನ್ನ ಬಿದಿರಿನ ಬುಟ್ಟಿಯಲ್ಲಿ ಬಂದರೆ ಕೈಯೇ ಸರಿ: ನಿಂಬೆಕಾಯಿಗಿಂತ ಚಿಕ್ಕ ಉಂಡೆ ಮಾಡಿ, ಒತ್ತಿ, ಸೋಮ್ ತಮ್‌ನಲ್ಲಿ ಅದ್ದಿ. ಮುದ್ದೆ ಮುರಿದವರಿಗೆ ಹೇಳಿಕೊಡಬೇಕಾಗಿಲ್ಲ, ಆದರೆ ಇದನ್ನು ಅಗಿಯಬೇಕು. ಸೂಪಿನಲ್ಲಿ ತೇಲುವ ಮಜ್ಜಿಗೆಹುಲ್ಲಿನ ದಂಟು, ಶುಂಠಿಯಂತೆ ಕಾಣುವ ಗಲಾಂಗಲ್ ಬಿಲ್ಲೆ, ನಡುವೆ ಸೊಂಟವಿರುವ ಜೋಡಿ ನಿಂಬೆ ಎಲೆ, ಇವು ಘಮಕ್ಕೆ ಮಾತ್ರ. ಸಾರಿನ ಕರಿಬೇವನ್ನು ಎಲೆಯಂಚಿಗೆ ಸರಿಸುವಂತೆ ಸರಿಸಿ. ಮಕ್ಕಳಿಗೆ ಕೊಡುವ ಮುಂಚೆ ದೊಡ್ಡವರೇ ಆರಿಸಿಬಿಡಿ.

ನೂಡಲ್ಸಿನ ಜೊತೆ ನಾಲ್ಕು ಪುಟ್ಟ ಡಬ್ಬಿ ಬಂದರೆ ಅವು ಸಕ್ಕರೆ, ಮೆಣಸಿನಪುಡಿ, ಮೆಣಸಿನಕಾಯಿ ಹೋಳು ಹಾಕಿದ ವಿನಿಗರ್, ಮೀನಿನ ಸಾಸು. ಅಡುಗೆಯವನು ಅರ್ಧ ರುಚಿ ಮಾಡಿ ಕಳಿಸಿರುತ್ತಾನೆ, ಇನ್ನರ್ಧ ನಿಮ್ಮದು. ಮೊದಲು ಒಂದು ತುತ್ತು ತಿಂದು, ಆಮೇಲೆ ಅರ್ಧರ್ಧ ಚಮಚ ಸೇರಿಸುತ್ತ ಹೋಗಿ. ಖಾರ ನೆತ್ತಿಗೇರಿದರೆ ನೀರು ಕುಡಿಯಬೇಡಿ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ಬಾಯಿತುಂಬ ಹರಡುತ್ತದೆ. ಹಾಲು ಹಾಕಿದ ಥಾಯ್ ಐಸ್ ಟೀ, ಇಲ್ಲದಿದ್ದರೆ ಎರಡು ತುತ್ತು ಬಿಳೀ ಅನ್ನ.

ಸಿಹಿಯ ಸರದಿ. ತಿರಮಿಸುವಿನ ಕ್ರೀಮಿನಲ್ಲೂ ಬಿಸ್ಕತ್ತಿನಲ್ಲೂ ಮೊಟ್ಟೆ ಇರುತ್ತದೆ, ಕೆಲವೆಡೆ ಮದ್ಯವೂ. "ಎಗ್‌ಲೆಸ್" ಎಂದರೆ ಎರಡೂ ಎಗ್‌ಲೆಸ್ಸಾ ಎಂದು ಕೇಳಿ. ಪನ್ನ ಕೋಟಾ ಎಂಬ ಕ್ರೀಮಿನ ಸಿಹಿ ಗಟ್ಟಿಯಾಗುವುದು ಜೆಲಾಟಿನ್‌ನಿಂದ, ಅದು ಪ್ರಾಣಿಯ ಮೂಳೆ ಚರ್ಮದ್ದು. ಚೈನಾ ಗ್ರಾಸ್ ಹಾಕಿ ಮಾಡುವವರೂ ಇದ್ದಾರೆ. ಹಣ್ಣಿನ ಸೋರ್ಬೆ ನಿಶ್ಚಿಂತೆ. ಥಾಯ್ ಕಡೆ ಮಾವಿನಹಣ್ಣು, ಅಂಟಕ್ಕಿ, ತೆಂಗಿನ ಹಾಲಿನ ಸಿಹಿ ಎಲ್ಲರಿಗೂ ಆಗುತ್ತದೆ, ಏಪ್ರಿಲ್‌ನಿಂದ ಜೂನ್ ಒಳಗೆ ತಿಂದರೆ ಮಾತ್ರ ಕೊಟ್ಟ ದುಡ್ಡು ಬಂತು.

ಬಿಲ್ಲು

ಮೇಲಿನಿಂದ ಕೆಳಗೆ ಓದಿ. ಸಾಮಾನ್ಯ ಹೋಟೆಲಿನಲ್ಲಿ ಊಟಕ್ಕೆ ಜಿಎಸ್‌ಟಿ 5%, ಕೇಂದ್ರ 2.5, ರಾಜ್ಯ 2.5 ಎಂದು ಎರಡು ಸಾಲಿನಲ್ಲಿ. ರೂಮಿನ ಬಾಡಿಗೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲಿನೊಳಗಿನ ರೆಸ್ಟೋರೆಂಟಾದರೆ 18%. ಮದ್ಯ ಜಿಎಸ್‌ಟಿಗೆ ಬರುವುದಿಲ್ಲ, ಅದರ ತೆರಿಗೆ ಬೇರೆ. ಕುಡಿಯುವವರು, ಕುಡಿಯದವರು ಕೂಡಿ ಹೋದಾಗ ಮದ್ಯದ ಬಿಲ್ಲು ಮೊದಲಿನಿಂದಲೇ ಪ್ರತ್ಯೇಕ ಹಾಕಿಸಿ. ಕಡೆಯಲ್ಲಿ ಎಂಟರಿಂದ ಭಾಗಿಸಿದರೆ ನಿಂಬೆ ಸೋಡಾ ಕುಡಿದವರ ಮುಖ ಸಣ್ಣಗಾಗುತ್ತದೆ.

ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆಯಲ್ಲ. ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 6,000 ರೂಪಾಯಿಯ ಊಟಕ್ಕೆ 5% ಸೇರಿ 6,300 ಆಗಬೇಕು. 10% ಸರ್ವಿಸ್ ಚಾರ್ಜ್ ಸೇರಿಸಿ, ಅದರ ಮೇಲೂ ತೆರಿಗೆ ಹಾಕಿದರೆ 6,930. "ಇದನ್ನು ತೆಗೆದು ಬಿಲ್ ಕೊಡಿ" ಎಂದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915. ಸರ್ವರ್ ಚೆನ್ನಾಗಿ ನೋಡಿಕೊಂಡಿದ್ದರೆ ಟಿಪ್ಸ್ ಅವನ ಕೈಗೇ ಕೊಡಿ.

ಹೊರದೇಶದಲ್ಲಿ ಲೆಕ್ಕ ಬೇರೆ. ಇಟಲಿಯ ಬಿಲ್ಲಿನಲ್ಲಿ "ಕೊಪೆರ್ತೊ" ಎಂದು ತಲೆಗೆ ಒಂದೆರಡು ಯೂರೋ ಇದ್ದರೆ ಅದು ಕೂತದ್ದರ ಶುಲ್ಕ, ಮೋಸವಲ್ಲ, ಟಿಪ್ಸ್ ಕಡ್ಡಾಯವಿಲ್ಲ. ಅಲ್ಲಿ ರಾತ್ರಿ ಅಡುಗೆಮನೆ ಏಳೂವರೆಗೆ ಮುಂಚೆ ತೆರೆಯುವುದು ಅಪರೂಪ, ಮಕ್ಕಳಿಗೆ ಆರಕ್ಕೇ ಏನಾದರೂ ತಿನ್ನಿಸಿರಿ. ಇನ್ನೊಂದು ಮಾತು: ಅವರ "ಪೆಪೆರೋನಿ" ಎಂದರೆ ದೊಣ್ಣೆ ಮೆಣಸಿನಕಾಯಿ, ನಮ್ಮಲ್ಲಿಯ ಪೆಪ್ಪರೋನಿ ಮಾಂಸ. ಸಿಂಗಪುರದ ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತಿದ್ದರೆ 10% ಸೇವಾ ಶುಲ್ಕ, ಅದರ ಮೇಲೆ 9% ಜಿಎಸ್‌ಟಿ: 20 ಡಾಲರಿನ ತಟ್ಟೆಗೆ ಕಟ್ಟುವುದು 23.98. ಥಾಯ್ಲೆಂಡಿನಲ್ಲಿ ಅದೇ ಗುರುತಿಗೆ 10 ಮತ್ತು 7.

ಮಿಕ್ಕಿದ್ದು

ಕಟ್ಟಿಸಿಕೊಳ್ಳುವಾಗ ನೂಡಲ್ಸ್ ಬೇರೆ, ಸೂಪಿನ ನೀರು ಬೇರೆ ಎಂದು ಹೇಳಿ. ಒಟ್ಟಿಗೆ ಹಾಕಿದರೆ ಮನೆ ಸೇರುವಷ್ಟರಲ್ಲಿ ಗಂಜಿ. ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮಾರನೆಯ ದಿನವೇ ಚೆನ್ನಾಗಿ ಬಿಸಿ ಮಾಡಿ ಮುಗಿಸಿ. ಪಾಸ್ತಾ ಬಿಸಿ ಮಾಡುವಾಗ ಬಾಣಲೆಗೆ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ. ಪಿಜ್ಜಾವನ್ನು ಮೈಕ್ರೊವೇವ್ ಮಾಡಿದರೆ ಚರ್ಮದಂತಾಗುತ್ತದೆ. ದೋಸೆ ಹೆಂಚಿನ ಮೇಲೆ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಎರಡು ನಿಮಿಷ, ಆಮೇಲೆ ಹೆಂಚಿನ ಬದಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಹಾಕಿ ಇನ್ನೊಂದು ನಿಮಿಷ. ತಳ ಗರಿಯಾಗುತ್ತದೆ, ಚೀಸ್ ಕರಗುತ್ತದೆ.